ಅಜ್ಜಿ ಗೊತ್ತುಮಾಡಿದ ದಿನ

ಪುಸ್ತಕ ಓದಿದವರಿಗೂ ಅದರ ಧಾರಾವಾಹಿ ನೋಡಿದವರಿಗೂ ನಡುವೆ ಒಂದು ಮುಗಿಯದ ಜಗಳವಿದೆ. ಓದಿದವರು, 'ಪುಸ್ತಕದಲ್ಲಿ ಹೀಗಿರಲಿಲ್ಲ' ಎನ್ನುತ್ತಾರೆ. ನೋಡಿದವರು, 'ನಮಗೇನು, ಚೆನ್ನಾಗಿತ್ತಲ್ಲ' ಎನ್ನುತ್ತಾರೆ. ಮನೆಯಲ್ಲಿ ಅತ್ತೆ ಮಾಡುವ ಹುಳಿಗೂ ಸೊಸೆ ಮಾಡುವ ಹುಳಿಗೂ ಇರುವ ಜಗಳದಂತೆಯೇ ಇದು. ಬೇಳೆ ಅದೇ, ಹುಣಿಸೆಹಣ್ಣೂ ಅದೇ, ಕೈ ಮಾತ್ರ ಬೇರೆ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಯಾರು ಏನನ್ನು ಹಾಕಿದರು, ಯಾರು ಏನನ್ನು ಬಿಟ್ಟರು ಎಂಬುದು ತಿಳಿಯುತ್ತದೆ. ಕೆಲವೊಮ್ಮೆ ಇಬ್ಬರೂ ಬಿಟ್ಟದ್ದು ಏನೆಂಬುದೂ ತಿಳಿಯುತ್ತದೆ.

ನಮ್ಮ ಕಾಲದ ಹುಡುಗಿಯರಿಗೆ ಪತ್ತೇದಾರಿಯ ರುಚಿ ಹತ್ತಿಸಿದವರು ಎನ್. ನರಸಿಂಹಯ್ಯನವರು. ಹೆಚ್ಚು ಶಾಲೆ ಕಲಿಯದಿದ್ದರೂ ನೂರಾರು ಪತ್ತೇದಾರಿ ಕಾದಂಬರಿ ಬರೆದು, ಕನ್ನಡದಲ್ಲಿ ಓದುಗರ ಒಂದು ದೊಡ್ಡ ದಂಡನ್ನೇ ಕಟ್ಟಿದವರು ಅವರು. ಬಾಡಿಗೆ ಗ್ರಂಥಾಲಯದಿಂದ ತಂದ ಪುಸ್ತಕವನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದದವರು ನನ್ನ ಓರಗೆಯವರಲ್ಲಿ ಕಡಮೆ. ಆಗ ಯಲಹಂಕ ಇನ್ನೂ ಬೆಂಗಳೂರಿನ ಹೊಟ್ಟೆಯೊಳಗೆ ಸೇರಿರಲಿಲ್ಲ. ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ನ್ಯಾರೋಗೇಜ್ ರೈಲು ಆಟಿಕೆಯ ಗಾಡಿಯಂತೆ ಸದ್ದು ಮಾಡುತ್ತ ಹೊರಡುತ್ತಿತ್ತು. ಅಂಥ ದಿನಗಳಲ್ಲಿ, 1986-87ರ ಸುಮಾರಿಗೆ, ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಬಂತು.

ಅದನ್ನು ನಮ್ಮ ಬೀದಿಯಲ್ಲಿ ಟೀವಿ ಇದ್ದ ಮನೆಯ ನಡುಮನೆಯಲ್ಲಿ ಕುಳಿತು ನೋಡಿದೆವು. ನಮ್ಮ ತಾಯಂದಿರಿಗೆ ಅದರ ಹಿಂದಿ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ಎಲ್. ವೈದ್ಯನಾಥನ್ ಅವರ ಆ ಗುನುಗು, ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳು ತೆರೆಯ ಮೇಲೆ ಬಂದ ಕೂಡಲೇ ಮನೆಯೊಳಗೆ ಮಾತು ನಿಲ್ಲುತ್ತಿತ್ತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ನಿರ್ದೇಶಕ ಶಂಕರ್ ನಾಗ್. ಭಾಷೆ ಹಿಂದಿ, ಮುಖಗಳೆಲ್ಲ ನಮ್ಮವೇ! ವಿಷ್ಣುವರ್ಧನ್, ಅನಂತ್ ನಾಗ್ ಬಂದ ದಿನ ಹೆಂಗಸರ ಗುಂಪು ಇನ್ನೂ ದೊಡ್ಡದಾಗಿರುತ್ತಿತ್ತು.

ಪುಸ್ತಕದ ಕತೆಯೂ ಸ್ವಾರಸ್ಯವಾದದ್ದೇ. ಆರ್.ಕೆ. ನಾರಾಯಣ್ ತಮ್ಮ ಆತ್ಮಕತೆಯಲ್ಲಿ ಹೇಳಿಕೊಂಡಂತೆ, 1930ರ ಸೆಪ್ಟೆಂಬರಿನಲ್ಲಿ ಅವರ ಅಜ್ಜಿ ಒಂದು ಶುಭದಿನ ಗೊತ್ತುಮಾಡಿಕೊಟ್ಟರಂತೆ. ಆ ದಿನ ಅವರು ಒಂದು ನೋಟುಪುಸ್ತಕ ಕೊಂಡು ಬರೆಯಲು ಕುಳಿತರು. ಆಗ ಕಣ್ಣಮುಂದೆ ಮೂಡಿದ್ದು ಒಂದು ಪುಟ್ಟ ರೈಲು ನಿಲ್ದಾಣ. ಅದರ ಹೆಸರು ಮಾಲ್ಗುಡಿ. ಇದು ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಮಲ್ಲೇಶ್ವರದ ತಲೆ, ಬಸವನಗುಡಿಯ ಬಾಲ ಸೇರಿ ಮಾಲ್ಗುಡಿ ಆಯಿತೆಂಬ ಮಾತು ಜನರ ಬಾಯಲ್ಲಿ ಇಂದಿಗೂ ಇದೆ. ಮದ್ರಾಸಿನಲ್ಲಿ ಅವರನ್ನು ಎಳವೆಯಲ್ಲಿ ಸಾಕಿ, ಕತೆ ಹೇಳಿ ಬೆಳೆಸಿದವರೂ ಅದೇ ಅಜ್ಜಿ. ಬರೆದು ಮುಗಿಸಿದ ಮೇಲೆ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಸ್ತಪ್ರತಿಯನ್ನು ಹಿಂತಿರುಗಿಸಿದರು. ಬೇಸತ್ತ ನಾರಾಯಣ್, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಅದನ್ನು ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಬರೆದರು. ಗೆಳೆಯ ಮುಳುಗಿಸಲಿಲ್ಲ, ಗ್ರಹಾಂ ಗ್ರೀನ್ ಎಂಬ ಲೇಖಕರ ಕೈಗೆ ಕೊಟ್ಟ. ಗ್ರೀನ್ ನೆರವಿನಿಂದ 1935ರಲ್ಲಿ ಲಂಡನ್ನಿನಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಯಿತು.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ.

ಮೊದಲನೆಯದು ಊರು. ಪುಸ್ತಕದ ಮಾಲ್ಗುಡಿಯಲ್ಲಿ ಬಿಸಿಲಿದೆ, ಬೀದಿಯ ಧೂಳಿದೆ, ಸರಯೂ ನದಿಯ ಮರಳಿದೆ. ಧಾರಾವಾಹಿಯ ಮಾಲ್ಗುಡಿಯಾದದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಜಾಗ! ಬಯಲುಸೀಮೆಯ ಊರು ಹೀಗೆ ಮಲೆನಾಡಿಗೆ ಹೋಯಿತು. ರೈಲು ನಿಲ್ದಾಣ ಶಿವಮೊಗ್ಗ-ತಾಳಗುಪ್ಪ ಹಾದಿಯ ಅರಸಾಳಿನದು. 2020ರಲ್ಲಿ ಅಲ್ಲಿನ ಹಳೆಯ ಕಟ್ಟಡವನ್ನು ಮಾಲ್ಗುಡಿ ಸಂಗ್ರಹಾಲಯವಾಗಿ ತೆರೆದರು. ನಾರಾಯಣ್ ಊರಿನ ವಿಷಯದಲ್ಲಿ ಸುಲಭದ ಮನುಷ್ಯರಲ್ಲ. ಅವರ 'ದಿ ಗೈಡ್' 1965ರಲ್ಲಿ ಹಿಂದಿ ಸಿನಿಮಾ ಆದಾಗ ತಮ್ಮ ಊರನ್ನು ಉದಯಪುರ, ಜೈಪುರಗಳಿಗೆ ಹೊತ್ತೊಯ್ದರೆಂದು ನೊಂದು ಒಂದು ಲೇಖನವನ್ನೇ ಬರೆದವರು. ಆಗುಂಬೆಯ ಮಳೆ ಪುಸ್ತಕದಲ್ಲಿ ಇಲ್ಲದಿದ್ದರೂ ಅಲ್ಲಿನ ಜಗಲಿ, ಕಂಬ, ಹಿತ್ತಿಲು, ಅಡುಗೆಮನೆಯ ಹೊಗೆ ಇವೆಲ್ಲ ನಮ್ಮ ಕಡೆಯವು. ಹಾಗಾಗಿ ಊರು ಬದಲಾದರೂ ಮನೆ ಬದಲಾಗಲಿಲ್ಲ ಎನ್ನಿಸುತ್ತದೆ.

ಎರಡನೆಯದು ಕಾಲ. ಪುಸ್ತಕದಲ್ಲಿ ತಾರೀಖು ಖಚಿತವಾಗಿದೆ. 1930ರ ಆಗಸ್ಟ್ 15ರಂದು ಸರಯೂ ದಂಡೆಯಲ್ಲಿ ಜನ ಸೇರುತ್ತಾರೆ. ಮುಂಬಯಿಯ ಒಬ್ಬ ನಾಯಕನ ಬಂಧನದ ವಿರುದ್ಧ ಸಭೆ. ಉಪ್ಪಿನ ಸತ್ಯಾಗ್ರಹದ ವರ್ಷ ಅದು. ಹದಿನೇಳು ವರ್ಷಗಳ ನಂತರ ಅದೇ ತಾರೀಖಿಗೆ ಸ್ವಾತಂತ್ರ್ಯ ಬರುತ್ತದೆಂದು ಬರೆದವರಿಗೂ ಗೊತ್ತಿರಲಿಲ್ಲ. ಸ್ವಾಮಿ ಆವೇಶದಲ್ಲಿ ತನ್ನ ಟೋಪಿಯನ್ನು ಬೆಂಕಿಗೆ ಹಾಕುತ್ತಾನೆ. ಆಮೇಲೆ ತಿಳಿಯುತ್ತದೆ, ಅದು ಖಾದಿ ಟೋಪಿಯೇ! ಮಾರನೆಯ ದಿನ ಶಾಲೆಯ ಗಾಜು ಒಡೆದದ್ದಕ್ಕೆ ಬೆತ್ತದ ಏಟು. ಹುಡುಗ ಬೆತ್ತವನ್ನೇ ಕಸಿದು ಓಡುತ್ತಾನೆ. ಮುಂದೆ ಸೇರಿದ ಬೋರ್ಡ್ ಶಾಲೆಯಲ್ಲೂ ಅದೇ ಕತೆ. ಇದನ್ನು ಓದುವಾಗ ಉಪಾಧ್ಯಾಯಿನಿಯಾದ ನನಗೆ ಬೇರೆಯದೇ ಒಂದು ಯೋಚನೆ ಬರುತ್ತದೆ. ನಮ್ಮ ದೇಶದಲ್ಲಿ ಶಿಕ್ಷಣದ ಹಕ್ಕಿನ ಕಾಯಿದೆ ಬಂದದ್ದು 2009ರಲ್ಲಿ. ಮಕ್ಕಳನ್ನು ಹೊಡೆಯಬಾರದು ಎಂದು ಅದರ 17ನೆಯ ಕಲಮು ಹೇಳಿತು. ಸ್ವಾಮಿ ಆ ಮಾತನ್ನು ತನ್ನ ಕೈಯಿಂದಲೇ ಹೇಳಿದ್ದು ಅದಕ್ಕಿಂತ 74 ವರ್ಷ ಮೊದಲು ಅಚ್ಚಾದ ಪುಸ್ತಕದಲ್ಲಿ.

ಮೂರನೆಯದು, ನಾನು ಹೇಳಹೊರಟ ರಹಸ್ಯದ ವಿಷಯ. ಸ್ವಾಮಿಯ ಬದುಕಿನಲ್ಲಿ ಎರಡು ಪತ್ತೇದಾರಿ ರಾತ್ರಿಗಳಿವೆ. ಒಂದು, 'ಎ ಹೀರೋ' ಎಂಬ ಸಣ್ಣ ಕತೆಯಲ್ಲಿ. ಅಜ್ಜಿಯ ಪಕ್ಕದಲ್ಲಿ ಮಲಗುವ ಹುಡುಗನನ್ನು ಧೈರ್ಯ ಕಲಿಸಲೆಂದು ತಂದೆ ಒಂಟಿಯಾಗಿ ತನ್ನ ಕಚೇರಿ ಕೋಣೆಯಲ್ಲಿ ಮಲಗಿಸುತ್ತಾನೆ. ಕತ್ತಲಲ್ಲಿ ಏನೋ ಸರಿದಾಡುತ್ತದೆ. ದೆವ್ವವೆಂದು ತಿಳಿದು ಹುಡುಗ ಅದರ ಕಾಲು ಹಿಡಿದು ಕಚ್ಚಿಬಿಡುತ್ತಾನೆ. ನೋಡಿದರೆ ಅದು ಊರಿಗೆಲ್ಲ ಬೇಕಾಗಿದ್ದ ಕಳ್ಳ! ಪೊಲೀಸರು ಬೆನ್ನು ತಟ್ಟುತ್ತಾರೆ, ಶಾಲೆ ಮೆಚ್ಚುತ್ತದೆ. ಅಂದು ರಾತ್ರಿ ತಂದೆ ಬಂದು ನೋಡಿದರೆ ಶೂರ ಎಲ್ಲಿ? ಮತ್ತೆ ಅಜ್ಜಿಯ ಮಗ್ಗುಲಲ್ಲಿ.

ಇನ್ನೊಂದು, ಕಾದಂಬರಿಯ ಕೊನೆಯ ಭಾಗದಲ್ಲಿ. ಬೆತ್ತ ಎಸೆದು ಓಡಿದ ಹುಡುಗ ಮೆಂಪಿ ಕಾಡಿನ ಹಾದಿಯಲ್ಲಿ ದಾರಿ ತಪ್ಪುತ್ತಾನೆ. ತಂದೆ ರಾತ್ರಿಯೆಲ್ಲ ಊರು ಹುಡುಕುತ್ತಾನೆ, ನದಿಯ ಕಡೆ ಹೋಗುತ್ತಾನೆ, ರೈಲು ಹಳಿಯ ಮೇಲೆ ಕಣ್ಣಿಟ್ಟು ನಡೆಯುತ್ತಾನೆ. ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಗೆ, ತಾಯಿಗೆ ಮುಖ ತೋರಿಸುವುದು ಹೇಗೆಂದು ಹಿಂಜರಿಯುತ್ತಾನೆ. ಕತೆ ಹೊರಗೆ ಹುಡುಕುವವನ ಜತೆ ಹೋಗುತ್ತದೆ, ಮನೆಯಲ್ಲಿ ಕಾಯುವವರ ಜತೆ ಹೆಚ್ಚು ಹೊತ್ತು ಕೂರುವುದಿಲ್ಲ.

ಇಲ್ಲಿ ಧಾರಾವಾಹಿಗೆ ಒಂದು ಅನುಕೂಲವಿತ್ತು. ಪುಸ್ತಕದಲ್ಲಿ ತಾಯಿ ಮಾತಾಡದಿದ್ದರೆ ಆಕೆ ಕಾಣುವುದೇ ಇಲ್ಲ. ತೆರೆಯ ಮೇಲೆ ಸುಮ್ಮನಿದ್ದರೂ ಕಾಣುತ್ತಾಳೆ. ವೈಶಾಲಿಯವರ ಕಣ್ಣು, ಸೆರಗು, ತಿರುಗುವ ರೀತಿ ಇವೆಲ್ಲ ನಾರಾಯಣ್ ಬರೆಯದ ಸಾಲುಗಳು. ಮುಂದೆ 'ತಾಯಿ ಸಾಹೇಬ' ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಕಲಾವಿದೆ ಅವರು. ಒಂದು ಸೀರೆ ಉಟ್ಟ ಬಗೆಯಲ್ಲೇ ಒಂದು ಮನೆಯ ಸ್ಥಿತಿ ಹೇಳಬಲ್ಲವರಾಗಿದ್ದರು. ಅವರು 2010ರಲ್ಲಿ ತೀರಿಕೊಂಡರು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಸ್ವಾಮಿಯ ಕಂತುಗಳನ್ನು ತೋರಿಸಿ, ಕಾದಂಬರಿಯ ಕೆಲವು ಅಧ್ಯಾಯಗಳನ್ನು ಕನ್ನಡದಲ್ಲಿ ಹೇಳಿ, ವ್ಯತ್ಯಾಸ ಪಟ್ಟಿ ಮಾಡಿ ಎಂದಿದ್ದೆ. ಹುಡುಗರು ಕ್ರಿಕೆಟ್ಟಿನ ವಿಷಯವೆಲ್ಲ ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, 'ಮಿಸ್, ಎರಡರಲ್ಲೂ ಒಂದು ಒಂದೇ ಥರ ಇದೆ. ಸ್ವಾಮಿಗೆ ಒಬ್ಬ ಗೆಳತಿಯೂ ಇಲ್ಲ. ಆ ಊರಲ್ಲಿ ಹುಡುಗಿಯರೇ ಇರಲಿಲ್ಲವಾ?' ಎಂದಳು.

ಇದ್ದರು. ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ 1881ರಲ್ಲೇ ಆರಂಭವಾಗಿತ್ತು. ಸ್ವಾಮಿ ಓದುವ ಕಾಲಕ್ಕೆ ಅದಕ್ಕೆ ಅರ್ಧ ಶತಮಾನದ ವಯಸ್ಸು. ಆದರೆ ಗಂಡುಹುಡುಗರ ಶಾಲೆಯಿಂದ ಹೊರಟ ಕತೆಯ ದಾರಿಯಲ್ಲಿ ಆ ಹುಡುಗಿಯರು ಎದುರಾಗಲಿಲ್ಲ.

ಆ ಪ್ರಶ್ನೆ ಕೇಳಿದಾಗ ನನಗೆ ದೂರದ ಇನ್ನೊಬ್ಬ ಹುಡುಗಿ ನೆನಪಾದಳು. ಅಜ್ಜಿ ದಿನ ಗೊತ್ತುಮಾಡಿದ ಅದೇ 1930ರಲ್ಲಿ, ಏಪ್ರಿಲ್ ತಿಂಗಳಲ್ಲಿ, ಅಮೆರಿಕದಲ್ಲಿ ನ್ಯಾನ್ಸಿ ಡ್ರೂ ಎಂಬ ಪತ್ತೇದಾರ ಹುಡುಗಿಯ ಮೊದಲ ಪುಸ್ತಕಗಳು ಬಂದವು. ಹದಿನಾರರ ಹುಡುಗಿ, ನೀಲಿ ಕಾರನ್ನು ತಾನೇ ಓಡಿಸುತ್ತಾಳೆ, ಕಳ್ಳರ ಬೆನ್ನು ಹತ್ತುತ್ತಾಳೆ. ಲೇಖಕಿಯ ಹೆಸರು ಕೆರೊಲಿನ್ ಕೀನ್ ಎಂದು ರಕ್ಷಾಪುಟದಲ್ಲಿತ್ತು. ಅಂಥ ಹೆಂಗಸು ಇರಲೇ ಇಲ್ಲ! ಮೊದಲ 30 ಪುಸ್ತಕಗಳಲ್ಲಿ 23ನ್ನು ಬರೆದವರು ಮಿಲ್ಡ್ರೆಡ್ ಬೆನ್ಸನ್ ಎಂಬ ಪತ್ರಕರ್ತೆ. ಮೊದಮೊದಲು ಪುಸ್ತಕವೊಂದಕ್ಕೆ ಸಿಕ್ಕಿದ್ದು 125 ಡಾಲರ್. ರಾಯಧನವಿಲ್ಲ, ಹೆಸರೂ ಇಲ್ಲ. 1980ರಲ್ಲಿ ಪ್ರಕಾಶಕರ ನಡುವಿನ ಒಂದು ಮೊಕದ್ದಮೆಯಲ್ಲಿ ಸಾಕ್ಷಿಗೆ ಬಂದಾಗಲೇ ಅವರ ಕೆಲಸ ಬಯಲಿಗೆ ಬಂತು. 1959ರಿಂದ ಹಳೆಯ ಪುಸ್ತಕಗಳನ್ನು ತಿದ್ದಿ ಬರೆಸಿದರು. ಬಣ್ಣದವರನ್ನು ಹೀಗಳೆಯುವ ಮಾತುಗಳನ್ನು ತೆಗೆದದ್ದು ಒಳ್ಳೆಯದೇ ಆಯಿತು. ಆದರೆ ನ್ಯಾನ್ಸಿಗೆ ಎರಡು ವರ್ಷ ವಯಸ್ಸು ಏರಿತು, ಅವಳ ದಿಟ್ಟತನ ಇಳಿಯಿತು.

1977ರಲ್ಲಿ ಅವಳ ಕತೆ ಟೀವಿಗೆ ಬಂತು, ಹಾರ್ಡಿ ಬಾಯ್ಸ್ ಎಂಬ ಇಬ್ಬರು ಪತ್ತೇದಾರ ಹುಡುಗರ ಜತೆಗೂಡಿ. ಮೊದಲ ವರ್ಷ ಒಂದು ವಾರ ಅವರ ಕತೆ, ಒಂದು ವಾರ ಇವಳದು. ಎರಡನೆಯ ವರ್ಷ ಇವಳ ಪಾಲು ಕರಗತೊಡಗಿತು. ನಟಿ ಪಮೇಲಾ ಸ್ಯೂ ಮಾರ್ಟಿನ್ ಬಿಟ್ಟುಹೋದರು, ಬೇರೊಬ್ಬರು ಬಂದರು. ಮೂರನೆಯ ಸರಣಿಯ ಹೊತ್ತಿಗೆ ನ್ಯಾನ್ಸಿಯೇ ಇಲ್ಲ, ಹೆಸರೂ 'ಹಾರ್ಡಿ ಬಾಯ್ಸ್' ಎಂದಷ್ಟೇ ಉಳಿಯಿತು. 1979ರಲ್ಲಿ ಅದೂ ನಿಂತಿತು. ಪುಸ್ತಕದಲ್ಲಿ ಕಾರು ಓಡಿಸಿದವಳನ್ನು ಧಾರಾವಾಹಿಯಲ್ಲಿ ಹಿಂದಿನ ಸೀಟಿಗೆ ಕೂರಿಸಿ, ಆಮೇಲೆ ಇಳಿಸಿಯೇಬಿಟ್ಟರು. ನಮ್ಮ ಮಾಲ್ಗುಡಿಯಲ್ಲಾದದ್ದು ಇದಕ್ಕೆ ತದ್ವಿರುದ್ಧ. ಪುಸ್ತಕದಲ್ಲಿ ಒಳಮನೆಯಲ್ಲಿದ್ದವರು ತೆರೆಯ ಮೇಲೆ ಸ್ವಲ್ಪವಾದರೂ ಪಡಸಾಲೆಗೆ ಬಂದರು.

ತೆರೆಯ ಆಚೆಗೂ ಹೆಂಗಸರಿದ್ದರು. ಆಗುಂಬೆಯ ದೊಡ್ಡಮನೆಯಲ್ಲಿ ಚಿತ್ರೀಕರಣ ನಡೆದಾಗ ಆ ಮನೆಯವರು ಬಂದವರನ್ನು ಆದರಿಸಿದ ಬಗೆಯನ್ನು ಇಂದಿಗೂ ಜನ ನೆನೆಯುತ್ತಾರೆ. ಅಷ್ಟು ಮಂದಿಗೆ ಆ ಮಳೆಯಲ್ಲಿ ಒಲೆ ಉರಿಸುವುದೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 36 ತುಂಬಿರಲಿಲ್ಲ. ಅವರ ಕನಸಿನ ರಂಗಮಂದಿರವನ್ನು ಅರುಂಧತಿ ನಾಗ್ ವರ್ಷಗಳ ಕಾಲ ಓಡಾಡಿ ಕಟ್ಟಿ ನಿಲ್ಲಿಸಿದರು, ಜೆ.ಪಿ. ನಗರದ 'ರಂಗಶಂಕರ' 2004ರಲ್ಲಿ ಬಾಗಿಲು ತೆರೆಯಿತು. ನಿಂತಿದ್ದ ಮಾಲ್ಗುಡಿ ಧಾರಾವಾಹಿಯನ್ನು 2006ರಲ್ಲಿ ಮತ್ತೆ ಕೈಗೆತ್ತಿಕೊಂಡು ಹದಿನೈದು ಕಂತು ಮಾಡಿದವರು ಕವಿತಾ ಲಂಕೇಶ್. ಹೀಗೆ ದಿನ ಗೊತ್ತುಮಾಡಿದ ಅಜ್ಜಿಯಿಂದ ಹಿಡಿದು ಕತೆ ಮುಂದುವರಿಸಿದವರ ತನಕ ಮಾಲ್ಗುಡಿಯ ಇತಿಹಾಸದಲ್ಲಿ ಹೆಂಗಸರ ಸಾಲೇ ಇದೆ.

ಆ ಹುಡುಗಿಗೆ ನಾನು ಉಪನ್ಯಾಸ ಕೊಡಲಿಲ್ಲ. ಇಡೀ ತರಗತಿಗೆ ಒಂದು ಮನೆಗೆಲಸ ಕೊಟ್ಟೆ: ಸ್ವಾಮಿ ಕಾಣೆಯಾದ ರಾತ್ರಿಯನ್ನು ಮನೆಯೊಳಗಿನಿಂದ ಬರೆಯಿರಿ. ಹುಡುಗರಲ್ಲಿ ಕೆಲವರು, 'ಅಮ್ಮ ಅಳುತ್ತಿದ್ದಳು' ಎಂದು ಒಂದು ಸಾಲು ಬರೆದು ಪೊಲೀಸ್ ಠಾಣೆಗೆ ಓಡಿದರು. ಒಬ್ಬ ಹುಡುಗ ಮಾತ್ರ, ಅಜ್ಜಿ ಪಕ್ಕದ ಜಾಗವನ್ನು ಬಿಟ್ಟು ಗೋಡೆಯ ಕಡೆ ಸರಿದು ಮಲಗಿದ್ದಳು ಎಂದು ಬರೆದಿದ್ದ. ಹಿಂದಿನ ಬೆಂಚಿನ ಹುಡುಗಿ ಮೂರು ಪುಟ ಬರೆದು ತಂದಳು. ಅದರಲ್ಲಿ ಪಕ್ಕದ ಮನೆಯ ಒಬ್ಬ ಹುಡುಗಿ ಬರುತ್ತಾಳೆ. ಸ್ವಾಮಿ ಯಾವ ದಾರಿಯಲ್ಲಿ ಹೋದನೆಂದು ಅವಳು ನೋಡಿರುತ್ತಾಳೆ. ಆದರೆ ಅವಳನ್ನು ಯಾರೂ ಕೇಳುವುದಿಲ್ಲ. ಕೊನೆಗೆ ಸ್ವಾಮಿಯ ತಾಯಿ ಕೇಳುತ್ತಾಳೆ.

ಆ ಮೂರು ಪುಟಗಳನ್ನು ಮರುದಿನ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ. ಓದಿ ಮುಗಿದ ಮೇಲೆ ಹುಡುಗರೇ ಕೇಳಿದರು, 'ಆ ಹುಡುಗಿಯ ಹೆಸರೇನು?' ಅವಳು ಇನ್ನೂ ಹೆಸರಿಟ್ಟಿರಲಿಲ್ಲ. ಹೆಸರಿಟ್ಟುಕೊಂಡು ಬಾ ಎಂದು ಪುಸ್ತಕ ಹಿಂದಕ್ಕೆ ಕೊಟ್ಟೆ.