ಇಪ್ಪತ್ತು ಬೆರಳಿನ ಕುಣಿತ

ಚಾಪ್ಲಿನ್‌ನ 1940ರ 'ದಿ ಗ್ರೇಟ್ ಡಿಕ್ಟೇಟರ್' ಸಿನಿಮಾದ ಕ್ಷೌರದ ದೃಶ್ಯ ನೋಡಿದ್ದೀರಾ? ಅಲ್ಲಿ ಕತ್ತಿ ಆಡೋದು ಬ್ರಾಮ್ಸ್‌ನ ಐದನೇ ಹಂಗೇರಿಯನ್ ಕುಣಿತದ ಲಯಕ್ಕೆ. ನಮಗೆ ಕೇಳೋದು ಇಡೀ ಆರ್ಕೆಸ್ಟ್ರಾ. ಆದರೆ ಬ್ರಾಮ್ಸ್ ಬರೆದದ್ದು ಒಂದೇ ಪಿಯಾನೋ ಮುಂದೆ ಇಬ್ಬರು ಕೂತು ನುಡಿಸಲಿ ಅಂತ.

1869ರಲ್ಲಿ ಮೊದಲ ಹತ್ತು ಕುಣಿತ ಅಚ್ಚಾದವು. ರೇಡಿಯೋ, ರೆಕಾರ್ಡ್ ಇಲ್ಲದ ಕಾಲ. ಮನೇಲಿ ಸಂಗೀತ ಬೇಕಂದ್ರೆ ಮನೆಯವರೇ ನುಡಿಸಬೇಕು. ಪುಸ್ತಕ ಚೆನ್ನಾಗಿ ಖರ್ಚಾಯ್ತು. ಆಮೇಲೆ 1, 3, 10ನೇ ಕುಣಿತಗಳನ್ನು ಬ್ರಾಮ್ಸ್ ತಾನೇ ಆರ್ಕೆಸ್ಟ್ರಾಕ್ಕೆ ಹೊಂದಿಸಿದ. ಒಟ್ಟು 21ರಲ್ಲಿ ಕೊನೆಯ ಐದನ್ನು ದ್ವೊರ್ಝಾಕ್ ಹೊಂದಿಸಿದ. ಎಲ್ಲರಿಗೂ ಗೊತ್ತಿರುವ ಐದನೆಯದನ್ನು ಹೊಂದಿಸಿದ್ದು ಬೇರೆಯವರು.

ಹೊಂದಿಸೋದು ಅಂದ್ರೆ ನಕಲು ಮಾಡೋದಲ್ಲ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಕರಗುತ್ತೆ. ಪಿಟೀಲಿನ ಕಮಾನು ಅದೇ ಸ್ವರವನ್ನು ಹಿಡಿದು ನಿಲ್ಲಿಸುತ್ತೆ, ಬೆಳೆಸುತ್ತೆ. ಹಾಗಾಗಿ ಯಾವ ಸ್ವರ ಯಾವ ವಾದ್ಯಕ್ಕೆ ಅಂತ ಹೊಸದಾಗಿ ಯೋಚಿಸಬೇಕು.

ಈ ಕುಣಿತಗಳಿಗೆ ಬ್ರಾಮ್ಸ್ ಕೃತಿಸಂಖ್ಯೆ ಕೊಡಲಿಲ್ಲ; ತಾನು ಬರೀ ಹೊಂದಿಸಿದವನು ಅಂದ. ಪ್ರಾಮಾಣಿಕ ಮನುಷ್ಯ. ಆದರೂ ಅವನು ಜನಪದ ಅಂದುಕೊಂಡ ಐದನೆಯದರ ಮಟ್ಟು ಕೇಲರ್ ಬೇಲಾ ಎಂಬ ಸಂಗೀತಗಾರನದು. ಮುಖಪುಟದಲ್ಲಿ ಆ ಹೆಸರಿಲ್ಲ.

ನಮ್ಮ ಮಾದಾಪುರದ ಕಡೆ ಮದುವೆಯಲ್ಲಿ ವಾಲಗಕ್ಕೆ ಕುಣಿಯೋರು ಮಟ್ಟು ಕಟ್ಟಿದವರು ಯಾರು ಅಂತ ಕೇಳಲ್ಲ. 'ಹಿಂದಿನಿಂದ ಬಂದದ್ದು' ಅಂದರೆ ಮುಗೀತು. ಸಾಫ್ಟ್‌ವೇರ್‌ನಲ್ಲಾದರೆ ಒಂದು ಸಾಲು ತಿದ್ದಿದವರ ಹೆಸರೂ ದಾಖಲಾಗುತ್ತೆ. ಊದುವವರನ್ನು ಒಮ್ಮೆ ಕೇಳಿ ನೋಡಿ: ಇದನ್ನು ಯಾರಿಂದ ಕಲಿತಿರಿ?