ಅಮ್ಲಪಿತ್ತ: ಒಂದು ರೋಗನಾಮದ ಚರಿತ್ರೆ

ಕನ್ನಡದಲ್ಲಿ ಹೊಟ್ಟೆಯುರಿ ಎಂಬುದು ಅಸೂಯೆಯ ಹೆಸರು. ದೇಹದ ನಿಜವಾದ ಉರಿಗೆ ಜನ ಎದೆಯುರಿ, ಹುಳಿತೇಗು ಎಂಬ ಬೇರೆ ಮಾತುಗಳನ್ನು ಬಳಸುತ್ತ ಬಂದಿದ್ದಾರೆ. ಉಂಡ ಮೇಲೆ ಎದೆಗೂಡಿನ ನಡುವೆ ಏಳುವ ಉರಿ, ಗಂಟಲಿಗೆ ನುಗ್ಗುವ ಹುಳಿನೀರು, ಹೊಟ್ಟೆಯ ಭಾರ ಇವೆಲ್ಲ ಅತಿ ಸಾಮಾನ್ಯವಾದ ಅನುಭವಗಳು. ಸಾಮಾನ್ಯವೆಂಬ ಕಾರಣಕ್ಕೇ ಇವುಗಳನ್ನು ಒಟ್ಟುಗೂಡಿಸಿ ಒಂದು ರೋಗವೆಂದು ಗುರುತಿಸುವ ಕೆಲಸ ಭಾರತೀಯ ವೈದ್ಯಗ್ರಂಥಗಳಲ್ಲಿ ತಡವಾಗಿ ನಡೆದಂತೆ ತೋರುತ್ತದೆ.

ಚರಕಸಂಹಿತೆಯಲ್ಲಿ ಅಮ್ಲಪಿತ್ತವೆಂಬ ಶಬ್ದವಿದೆ, ಅದಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. ಗ್ರಹಣೀರೋಗದ ವಿವೇಚನೆಯ ನಡುವೆ, ಅಜೀರ್ಣದ ಪ್ರಸಂಗದಲ್ಲಿ ಅದು ಬಂದುಹೋಗುತ್ತದೆ. ವಾಗ್ಭಟನ ಅಷ್ಟಾಂಗಹೃದಯವೂ ಅದಕ್ಕೆ ಸ್ವತಂತ್ರ ಸ್ಥಾನ ಕೊಡಲಿಲ್ಲ. ಆ ಸ್ಥಾನ ದೊರೆಯುವುದು ಕಾಶ್ಯಪಸಂಹಿತೆಯ ಖಿಲಭಾಗದಲ್ಲಿ. ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ 1938ರಲ್ಲಿ ಪ್ರಕಟವಾದ ಈ ಗ್ರಂಥ ಎರಡು ಸಂಗತಿಗಳನ್ನು ಗಮನಿಸಿದೆ. ಈ ಬೇನೆ ನೀರು ಹೆಚ್ಚಿರುವ ಆನೂಪದೇಶಗಳಲ್ಲಿ ಅಧಿಕ ಎಂಬುದು ಒಂದು. ಉಂಡೊಡನೆ ಹಗಲು ಮಲಗುವ ಅಭ್ಯಾಸ ಅದರ ಕಾರಣಗಳಲ್ಲೊಂದು ಎಂಬುದು ಇನ್ನೊಂದು. ಎರಡನೆಯದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ತುಂಬಿದ ಹೊಟ್ಟೆಯಲ್ಲಿ ಒರಗಿದಾಗ ಜಠರದ ಆಮ್ಲ ಮೇಲಕ್ಕೆ ಹರಿಯುವುದು ಸುಲಭ.

ಲಕ್ಷಣಗಳ ಸಂಗ್ರಹದಲ್ಲಿ ಹೆಚ್ಚು ಖಚಿತವಾದುದು ಮಾಧವಕರನ ರೋಗವಿನಿಶ್ಚಯ. ಮಾಧವನಿದಾನವೆಂದೇ ಪ್ರಸಿದ್ಧವಾದ ಈ ಕೃತಿಯಲ್ಲಿ ಚಿಕಿತ್ಸೆಯ ಪ್ರಸ್ತಾಪವಿಲ್ಲ, ರೋಗವನ್ನು ಗುರುತಿಸುವುದಷ್ಟೇ ಅದರ ಉದ್ದೇಶ. ಅನ್ನ ಪಚನವಾಗದಿರುವುದು, ದುಡಿಯದೆಯೇ ದಣಿವು, ವಾಕರಿಕೆ, ಕಹಿ ಮತ್ತು ಹುಳಿ ತೇಗು, ಮೈಭಾರ, ಹೃದಯಪ್ರದೇಶದಲ್ಲೂ ಕಂಠದಲ್ಲೂ ಉರಿ, ಅರುಚಿ ಇಷ್ಟು ಕೂಡಿದರೆ ವೈದ್ಯನು ಅಮ್ಲಪಿತ್ತವೆಂದು ಹೇಳಬೇಕು ಎಂಬುದು ಅಲ್ಲಿನ ಮತ. ಉರಿಗೆ ಹೇಳಿದ ಎರಡು ಸ್ಥಾನಗಳು ಗಮನಾರ್ಹ. ಹೃದಯದಿಂದ ಕಂಠಕ್ಕೆ ಗೆರೆ ಎಳೆದರೆ ಅದು ಅನ್ನನಾಳದ ದಾರಿಯೇ ಆಗುತ್ತದೆ. ಕಾರಣ ತಿಳಿಯದಿದ್ದರೂ ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿದವನ ಬರೆಹವಿದು. ಹೊಸ ಬೇನೆ ಯತ್ನದಿಂದ ವಾಸಿಯಾಗುತ್ತದೆ, ಹಳೆಯದು ಯಾಪ್ಯ, ಅಂದರೆ ಹತೋಟಿಯಲ್ಲಿಡಬಹುದಾದುದು ಮಾತ್ರ ಎಂಬ ಅವನ ನಿರ್ಣಯವೂ ಅನುಭವದಿಂದಲೇ ಬಂದಿರಬೇಕು.

ಆದರೂ ಅಮ್ಲಪಿತ್ತವನ್ನು ಇಂದಿನ ಆಸಿಡ್ ರಿಫ್ಲಕ್ಸ್‌ನೊಂದಿಗೆ ಸಮೀಕರಿಸುವುದು ಆತುರದ ಮಾತು. ಮಾಧವನು ಊರ್ಧ್ವಗ, ಅಧೋಗ ಎಂದು ಎರಡು ಭೇದಗಳನ್ನು ಹೇಳುತ್ತಾನೆ. ಮೇಲ್ಮುಖವಾದುದು ಮಾತ್ರ ಆಧುನಿಕ ವರ್ಣನೆಗೆ ಹತ್ತಿರ. ಹುಣ್ಣು, ಅಜೀರ್ಣ ಮೊದಲಾದವೂ ಆ ಹಳೆಯ ಹೆಸರಿನೊಳಗೆ ಸೇರಿದ್ದಿರಬಹುದು.

ಪಶ್ಚಿಮದಲ್ಲಿಯೂ ಹೆಸರು ಮೊದಲು, ಅರಿವು ಆಮೇಲೆ. ಇಂಗ್ಲಿಷಿನ ಹಾರ್ಟ್‌ಬರ್ನ್ ಕೂಡ ಹೃದಯದ ಮೇಲೆಯೇ ಆರೋಪ ಹೊರಿಸುತ್ತದೆ. ಜಠರದ ಮೇಲ್ಬಾಯಿಗೆ ಗ್ರೀಕರು ಹೃದಯವಾಚಿಯಾದ ಕಾರ್ಡಿಯ ಎಂಬ ಹೆಸರಿಟ್ಟದ್ದು ಈ ಗೊಂದಲಕ್ಕೆ ಇಂಬಾಯಿತು. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ವಿಲಿಯಂ ಪ್ರೌಟ್ ತೋರಿಸಿದ್ದು 1824ರಲ್ಲಿ. ಆ ಜಠರರಸವೇ ಅನ್ನನಾಳದ ಒಳಪದರವನ್ನು ಸುಡುತ್ತದೆಂಬ ವಿವರಣೆಯನ್ನು ಏಷರ್ ವಿಂಕೆಲ್‌ಸ್ಟೈನ್ ಮುಂದಿಟ್ಟದ್ದು 1935ರಲ್ಲಿ. ಅನ್ನನಾಳದ ಕೆಳತುದಿಯ ಸ್ನಾಯುಬಳೆ ಸಡಿಲಗೊಳ್ಳುವುದು ಮುಖ್ಯ ಕಾರಣಗಳಲ್ಲೊಂದೆಂಬುದು ಆಮೇಲಿನ ತಿಳಿವು. ರಾತ್ರಿಯ ಒಣಕೆಮ್ಮು, ಬೆಳಗಿನ ಒಡಕು ದನಿ, ಗಂಟಲಲ್ಲಿ ಏನೋ ಸಿಕ್ಕಿದಂಥ ಭಾವ ಇವೂ ಅದೇ ಆಮ್ಲದ ಲಕ್ಷಣಗಳಾಗಿರಬಹುದೆಂಬುದು ಕ್ರಮೇಣ ಸ್ಪಷ್ಟವಾಯಿತು. ಮಾಧವನ ಆ ಲಕ್ಷಣಸಂಗ್ರಹದಲ್ಲಿ ಇವಿಲ್ಲ.

ಹೆಸರಿನ ಗೊಂದಲ ಮಾತ್ರ ಇನ್ನೂ ಕಳೆದಿಲ್ಲ, ಅದರ ಬೆಲೆಯೂ ಸಣ್ಣದಲ್ಲ. ಹೃದಯಾಘಾತದ ನೋವನ್ನು ಎದೆಯುರಿಯೆಂದೇ ಬಗೆದು ಸೋಡಾ ಕುಡಿದು ಮಲಗುವವರಿದ್ದಾರೆ. ಉರಿಯ ಜೊತೆಗೆ ಎದೆ ಬಿಗಿತ, ತೋಳು ದವಡೆಗಳಿಗೆ ಹಬ್ಬುವ ನೋವು, ತಣ್ಣನೆಯ ಬೆವರು, ಉಸಿರುಕಟ್ಟುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನುಂಗಲು ಕಷ್ಟ, ರಕ್ತವಾಂತಿ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಇವೂ ಮನೆಮದ್ದಿನ ಎಲ್ಲೆಯನ್ನು ಮೀರಿದವು.