ಸೈಪ್ರಸ್: ಹಾಯಿನೌಕೆಯ ಪ್ರವಾಸಿಗೆ ಎರಡು ತೀರಗಳು

ಮೆಡಿಟರೇನಿಯನ್ ಸಮುದ್ರದ ಪೂರ್ವ ಭಾಗದಲ್ಲಿ, ಟರ್ಕಿಯ ದಕ್ಷಿಣ ಕರಾವಳಿಯಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ ದ್ವೀಪ ಸೈಪ್ರಸ್. ವಿಸ್ತೀರ್ಣ 9,251 ಚದರ ಕಿ.ಮೀ.; ಕೊಡಗಿನ ಎರಡು ಪಟ್ಟಿಗಿಂತ ತುಸು ಹೆಚ್ಚು, ನಮ್ಮ ನಾಸಿಕ ಜಿಲ್ಲೆಗಿಂತ ಕಡಿಮೆ. ಹಾಯಿನೌಕೆಗಳಿಗೆ ಪ್ರಿಯವಾದ ಈ ದ್ವೀಪದಲ್ಲಿ ಯಾವ ಬಂದರನ್ನು ಮೊದಲು ಮುಟ್ಟಬೇಕೆಂಬುದನ್ನು ಗಾಳಿಗಿಂತ ಮಿಗಿಲಾಗಿ ರಾಜಕೀಯವೇ ನಿರ್ಧರಿಸುತ್ತದೆ.

ವಿಭಜನೆಯ ಹಿನ್ನೆಲೆ

1960ರ ಆಗಸ್ಟ್ 16ರಂದು ಬ್ರಿಟನ್ನಿನಿಂದ ಸ್ವತಂತ್ರವಾದ ಸೈಪ್ರಸ್ಸಿನಲ್ಲಿ ಗ್ರೀಕ್ ಮತ್ತು ಟರ್ಕಿಷ್ ಸಮುದಾಯಗಳು ಅಧಿಕಾರವನ್ನು ಹಂಚಿಕೊಳ್ಳಬೇಕೆಂದು ಸಂವಿಧಾನವು ವಿಧಿಸಿತ್ತು. 1963ರ ಡಿಸೆಂಬರಿನ ಗಲಭೆಗಳಿಂದ ಆ ವ್ಯವಸ್ಥೆ ಮುರಿಯಿತು. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯು ಅಲ್ಲಿಗೆ ಶಾಂತಿಪಾಲನಾ ಪಡೆಯನ್ನು ಕಳುಹಿಸಲು ನಿರ್ಣಯಿಸಿತು. ಅದರ ಮೊದಲ ದಂಡನಾಯಕರು ಭಾರತದ ಲೆ. ಜ. ಪಿ.ಎಸ್. ಜ್ಞಾನಿ, ಅವರ ನಂತರ ಬಂದವರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯನವರು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ, ಕರ್ತವ್ಯದಲ್ಲಿರುವಾಗಲೇ, ಸೈಪ್ರಸ್ಸಿನಲ್ಲಿ ನಿಧನರಾದರು. 1966ರಲ್ಲಿ ಆ ದೇಶವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿತು. ಲಾರ್ನಾಕಾ ನಗರದ ಒಂದು ರಸ್ತೆಗೂ ಅವರ ಹೆಸರಿದೆ.

1974ರ ಜುಲೈಯಲ್ಲಿ ಗ್ರೀಸಿನ ಸೈನಿಕ ಆಡಳಿತದ ಬೆಂಬಲದಿಂದ ಕ್ಷಿಪ್ರಕ್ರಾಂತಿ ನಡೆಯಿತು. ಅದನ್ನನುಸರಿಸಿ ಟರ್ಕಿಯ ಸೇನೆಯು ಉತ್ತರ ಭಾಗವನ್ನು ಆಕ್ರಮಿಸಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ದಕ್ಷಿಣಕ್ಕೂ, ಹತ್ತಾರು ಸಾವಿರ ಟರ್ಕರು ಉತ್ತರಕ್ಕೂ ಮನೆಮಠ ಬಿಟ್ಟು ಹೋದರು. ಅಂದಿನಿಂದ ಸುಮಾರು 180 ಕಿ.ಮೀ. ಉದ್ದದ ‘ಹಸಿರು ರೇಖೆ’ ದ್ವೀಪವನ್ನು ಸೀಳಿದೆ. 1983ರಲ್ಲಿ ಉತ್ತರ ಭಾಗವು ಸ್ವತಂತ್ರ ರಾಷ್ಟ್ರವೆಂದು ಘೋಷಿಸಿಕೊಂಡರೂ ಅದನ್ನು ಟರ್ಕಿಯೊಂದೇ ಮಾನ್ಯ ಮಾಡಿದೆ.

ಬಂದರುಗಳ ನಿಯಮ

ದಕ್ಷಿಣದ ಲಾರ್ನಾಕಾ, ಲಿಮಾಸೋಲ್, ಪಾಫೋಸ್‌ಗಳು ಸೈಪ್ರಸ್ ಗಣರಾಜ್ಯದ ಅಧಿಕೃತ ಪ್ರವೇಶ ಬಂದರುಗಳು. ಉತ್ತರದ ಕೈರೇನಿಯಾ, ಫಾಮಗುಸ್ತಾ ಬಂದರುಗಳನ್ನು ಗಣರಾಜ್ಯವು 1974ರಲ್ಲಿಯೇ ‘ಮುಚ್ಚಲ್ಪಟ್ಟವು’ ಎಂದು ಘೋಷಿಸಿದೆ. ಟರ್ಕಿಯ ಕಡೆಯಿಂದ ಬರುವ ಹಾಯಿನೌಕೆಗಳನ್ನು ಅಲ್ಲಿನ ಆಡಳಿತವು ಸ್ವಾಗತಿಸುವುದು ನಿಜ. ಆದರೆ ಗಣರಾಜ್ಯದ ಕಾನೂನಿನಂತೆ ಅದು ಅಕ್ರಮ ಪ್ರವೇಶ. ನೌಕೆಯ ನಾಯಕನೂ ಮಾಲೀಕನೂ ಶಿಕ್ಷೆಗೆ ಗುರಿಯಾಗಬಹುದು. ಇತ್ತ ಟರ್ಕಿಯು ಸೈಪ್ರಸ್ ಧ್ವಜದ ನೌಕೆಗಳಿಗೆ ತನ್ನ ಬಂದರುಗಳನ್ನು ಮುಚ್ಚಿದೆ. ಹೀಗಾಗಿ ಲಾರ್ನಾಕಾದಲ್ಲಿ ಬಾಡಿಗೆಗೆ ಪಡೆದ ಸೈಪ್ರಸ್ ಧ್ವಜದ ನೌಕೆಯಲ್ಲಿ ಟರ್ಕಿಗೆ ಹೋಗಿಬರುವ ಯೋಜನೆ ಹಾಕುವಂತಿಲ್ಲ.

ಧ್ವಜವೂ ಸೂಕ್ಷ್ಮ ವಿಷಯವೇ. ಅತಿಥಿ ನೌಕೆಯು ಆತಿಥೇಯ ದೇಶದ ಚಿಕ್ಕ ಧ್ವಜವನ್ನು ಬಲಬದಿಯಲ್ಲಿ ಏರಿಸುವುದು ನಾವಿಕರ ಸಂಪ್ರದಾಯ. ಉತ್ತರದಲ್ಲಿ ಏರಿಸಿದ ಧ್ವಜವನ್ನು ದಕ್ಷಿಣದಲ್ಲಿ ಹಾರಿಸಿದರೆ ಮನೆ ಕಳೆದುಕೊಂಡವರ ಮುಂದೆ ಅವರ ಗಾಯವನ್ನು ಕೆದಕಿದಂತೆ.

ನಿರಪಾಯದ ಮಾರ್ಗ

ದಕ್ಷಿಣದ ಬಂದರಿನಲ್ಲಿ ವಿಧಿವತ್ತಾಗಿ ಪ್ರವೇಶಿಸಿ, ನೌಕೆಯನ್ನು ಅಲ್ಲಿಯೇ ಕಟ್ಟಿ, ಉತ್ತರವನ್ನು ಭೂಮಾರ್ಗವಾಗಿ ನೋಡುವುದೇ ಕ್ಷೇಮ. 2003ರ ಏಪ್ರಿಲಿನಲ್ಲಿ ರೇಖೆಯನ್ನು ದಾಟುವ ದ್ವಾರಗಳು ಮೊದಲ ಬಾರಿಗೆ ತೆರೆದವು; 2008ರಲ್ಲಿ ರಾಜಧಾನಿ ನಿಕೋಸಿಯಾದ ನಡುವಿನ ಲೆದ್ರಾ ಬೀದಿಯೂ ತೆರೆಯಿತು. ಅಲ್ಲಿ ಪಾಸ್‌ಪೋರ್ಟ್ ತೋರಿಸಿ ನಡೆದೇ ದಾಟಬಹುದು. ಭಾರತೀಯರಿಗೆ ವೀಸಾ ಅಗತ್ಯ. ದಾಟಿ ಮರಳಲು ಅದರ ಷರತ್ತುಗಳು ಅನುಮತಿಸುತ್ತವೆಯೇ ಎಂಬುದನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಬೇಕು. ಭಾರತವು ಗಣರಾಜ್ಯವನ್ನು ಮಾತ್ರ ಮಾನ್ಯ ಮಾಡಿದ್ದು, ನಮ್ಮ ಹೈಕಮಿಷನ್ ದಕ್ಷಿಣ ನಿಕೋಸಿಯಾದಲ್ಲಿದೆ.

ಉತ್ತರಕ್ಕೆ ಹೋದವರು ಕೈರೇನಿಯಾದ ಕೋಟೆಯನ್ನು ತಪ್ಪದೆ ನೋಡಬೇಕು. ಸುಮಾರು 2,300 ವರ್ಷಗಳ ಹಿಂದೆ ಮುಳುಗಿದ ಗ್ರೀಕ್ ವ್ಯಾಪಾರಿ ಹಡಗೊಂದರ ಅವಶೇಷ ಅಲ್ಲಿದೆ. ರೋಡ್ಸ್ ದ್ವೀಪದ ಮದ್ಯದ ಭರಣಿಗಳನ್ನೂ ಬಾದಾಮಿಯನ್ನೂ ಹೊತ್ತಿದ್ದ ಆ ಹಡಗು ಒಂದೇ ಹಾಯಿಯ ಬಲದಿಂದ ಬಂದರಿನಿಂದ ಬಂದರಿಗೆ ಸಾಗುತ್ತಿತ್ತು. ತಿಮ್ಮಯ್ಯನವರು ಸೇವೆ ಸಲ್ಲಿಸಿದ ಶಾಂತಿಪಾಲನಾ ಪಡೆ ಆರು ದಶಕಗಳು ಕಳೆದರೂ ಅಲ್ಲಿಂದ ಹಿಂತಿರುಗಿಲ್ಲ.